ಹೋದ ವರ್ಷದ ನೇರಳೆ

ಹೆಂಡತಿ ತೀರಿಕೊಂಡ ಮೇಲೆ ನನಗೆ ಊಟದ ರುಚಿಯೇ ತಿಳಿಯುತ್ತಿರಲಿಲ್ಲ. ಶಾಲೆಯ ರಜೆಯಲ್ಲಿ ತಂಗಿ ಒತ್ತಾಯ ಮಾಡಿ ನೆಮ್ಮಾರಿನ ಒಂದು ಹೋಂಸ್ಟೇಗೆ ಕಳಿಸಿದಳು. ಮನೆಯೊಡತಿ ಸುಮಿತ್ರಮ್ಮ ಕಡುಬು, ಕೋಳಿಸಾರು ಬಡಿಸಿ, ಪಕ್ಕದಲ್ಲಿ ಪುಟ್ಟ ಲೋಟದಲ್ಲಿ ವೈನ್ ಇಟ್ಟರು.

"ನಾನು ಕುಡಿಯುವುದಿಲ್ಲ," ಎಂದೆ.

"ಇದು ಕುಡಿಯೋದಲ್ಲ ಮಾರಾಯ್ರೆ, ರುಚಿ ನೋಡೋದು. ನಮ್ಮ ಮರದ್ದೇ ನೇರಳೆ. ಹೋದ ವರ್ಷ ಹಣ್ಣಾದಾಗ ಹಾಕಿಟ್ಟದ್ದು."

ಹೋದ ವರ್ಷ ನೇರಳೆ ಹಣ್ಣಾದಾಗ ನನ್ನ ಹೆಂಡತಿ ಇದ್ದಳು. ಸಂತೆಯಿಂದ ತಂದು ತಿಂದು, ನೀಲಿ ನಾಲಿಗೆ ಚಾಚಿ ನನ್ನನ್ನು ಅಣಕಿಸಿದ್ದಳು. ಅವಳಿದ್ದ ದಿನಗಳಲ್ಲೇ ಮಾಗಿದ ಹಣ್ಣು ಈ ಲೋಟದಲ್ಲಿತ್ತು. ಒಂದು ಗುಟುಕು ಕುಡಿದೆ. ಮೊದಲು ಒಗರು, ಆಮೇಲೆ ಸಿಹಿ. ಅದರ ಹಿಂದೆಯೇ ಕಡುಬಿನ ರುಚಿ, ಸಾರಿನ ಮೆಣಸಿನ ಘಾಟು ಒಂದೊಂದಾಗಿ ನಾಲಿಗೆಗೆ ಮರಳಿದವು. ಬೆರಗಾಗಿ ಇನ್ನೊಂದು ಕಡುಬು ಮುರಿದೆ.

ಕೈ ತೊಳೆಯುವಾಗ ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿಕೊಂಡೆ. ಸುಮಿತ್ರಮ್ಮ ಹಿಂದೆಯೇ ನಿಂತಿದ್ದರು.

"ಎಂತ ಆಯ್ತು ಮೇಷ್ಟ್ರೇ, ಸಾರು ಖಾರ ಆಯ್ತಾ?"

"ಸ್ವಲ್ಪ," ಎಂದೆ.

ಖಾರಕ್ಕೆ ಮದ್ದೆಂದು ಇನ್ನೊಂದು ಲೋಟ ಕೊಟ್ಟರು. ನೇರಳೆ ತಿಂದು ಬರುವ ಮಕ್ಕಳನ್ನು ಬಾಯಿ ತೊಳೆದು ಬನ್ನಿ ಎಂದು ತರಗತಿಯಿಂದ ಹೊರಗೆ ಅಟ್ಟುವವನು ನಾನು. ಅಂದು ಬಾಯಿ ತೊಳೆಯದೆ ಮಲಗಿದೆ.