ಪರ್ಲ್ ಕೇಳಿದ ಎಂಟು ದಿನ

“ವೇಲಾಂಕಣಿಯ ಹರಕೆಗೆ ಎಂದು ಬರೆದಿದ್ದರೆ ಸಹಿ ಹಾಕುತ್ತಿದ್ದಿರಲ್ಲ, ಸರ್?”

2009ರ ಫೆಬ್ರವರಿಯಲ್ಲಿ ಪರ್ಲ್ ಹೀಗೆ ಕೇಳಿದಳು. ದೇವರನ್ನು ನಂಬದ ನಾನು ಹರಕೆಯ ರಜೆಯನ್ನು ಎಂದೂ ತಡೆದವನಲ್ಲ.

ಕುವೈತಿನ ಮೀನಾ ಅಲ್ ಅಹ್ಮದಿಯಲ್ಲಿ ತೈಲ ಶುದ್ಧೀಕರಣಾಗಾರಕ್ಕೆ ಜನ ಒದಗಿಸುವ ಗುತ್ತಿಗೆ ಕಂಪೆನಿಯೊಂದರಲ್ಲಿ ನಾನು ಸಿಬ್ಬಂದಿ ಅಧಿಕಾರಿ, ಪರ್ಲ್ ಟೆಲಿಫೋನ್ ಆಪರೇಟರ್. ನಮ್ಮ ಕರಾವಳಿಯ ಶಿರ್ವದಾಕೆ. 1996ರಲ್ಲಿ ಬಂದು ಅಬು ಹಲೀಫಾದಲ್ಲಿ ಅಣ್ಣ ರೂಬೆನ್‌ನ ಫ್ಲ್ಯಾಟಿನ ಒಂದು ಕೋಣೆಯಲ್ಲಿ ನೆಲೆಸಿದ್ದಳು. ಕರೆ ಮಾಡುವವರಿಗೆಲ್ಲ ಆಕೆಯ ದನಿ ಗೊತ್ತಿತ್ತು. ಆಕೆಯನ್ನು ಕಂಡವರು ಕಡಿಮೆ.

ಊರಿಗೆ ಮರಳಿದ ಜಪಾನಿ ಎಂಜಿನಿಯರೊಬ್ಬರು ಬಿಟ್ಟುಹೋದ ಸೀಡಿಯಲ್ಲಿ ಆಕೆಗೆ ಚಿಹಾಯ ಮುರಾಸೆ ದೊರೆತಳು. ಮುರಾಸೆ ಕಾರ್ಟೂನುಗಳಿಗೆ ದನಿ ಕೊಡುವವಳು. ಮೊದಲ ವರ್ಷಗಳಲ್ಲಿ ಅಳುವ ಮಗು, ಬೆಕ್ಕು, ಸಂತೆಯ ಗದ್ದಲ. ಆಮೇಲೆ ಹನ್ನೆರಡರ ನಾವಿಕ ಹುಡುಗನೊಬ್ಬನ ಪಾತ್ರ ಸಿಕ್ಕಿ, ಅದರ ಹಾಡನ್ನೂ ಅವಳೇ ಹಾಡಿದಾಗ ಕ್ರೀಡಾಂಗಣಗಳು ತುಂಬಿದವು. ಆ ಭರಾಟೆ ಆರು ವರ್ಷ ನಡೆಯಿತು. ಮದುವೆಯ ಸುದ್ದಿ ಹೊರಬಿದ್ದ ವಾರವೇ ಅಭಿಮಾನಿಗಳು ಅವಳ ಸೀಡಿಗಳನ್ನು ಮುರಿದು ಫೋಟೋ ಹಾಕಿದರು. ಹುಡುಗನ ಪಾತ್ರ ಹತ್ತೊಂಬತ್ತರ ಹೊಸಬಳಿಗೆ ಹೋಯಿತು. ಪರ್ಲ್ ಇದನ್ನೆಲ್ಲ ನಿಘಂಟು ಹಿಡಿದು ಅಂತರ್ಜಾಲದಲ್ಲಿ ಓದುತ್ತಿದ್ದಳು. ಜನಪ್ರಿಯತೆಯನ್ನು ಅಳೆಯುವವರು ಬಂದವರನ್ನು ಎಣಿಸುತ್ತಾರೆ, ಉಳಿದವರನ್ನಲ್ಲ ಎಂದು ನಾನೊಮ್ಮೆ ಹೇಳಿದ್ದೆ. “ಹಾಗಾದರೆ ನನ್ನಿಂದ ಎಣಿಸಿ” ಎಂದಿದ್ದಳು.

ಮಾರ್ಚಿನಲ್ಲಿ ಟೋಕಿಯೊದಲ್ಲಿ ಮುರಾಸೆಯ ವಿದಾಯದ ಸಂಗೀತ ಕಚೇರಿ. ಟಿಕೆಟಿಗಾಗಿ ಚೀಟಿ ಎತ್ತಿದಾಗ ಪರ್ಲ್‌ಗೆ ಒಂದು ಆಸನ ಬಂದಿತ್ತು. ಎಂಟು ದಿನದ ರಜೆ ಕೇಳಿದಳು. ನಮ್ಮೆಲ್ಲರ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿರುತ್ತಿತ್ತು, ಕೀಲಿ ಗುಮಾಸ್ತ ಮುಝಮ್ಮಿಲ್ ಬಳಿ. ವಾರ್ಷಿಕ ರಜೆಯ ಹೊರಗೆ ಅದನ್ನು ಪಡೆಯಲು ನನ್ನ ಸಹಿ ಬೇಕು. ಕಾರಣದ ಜಾಗದಲ್ಲಿ ಎಲ್ಲರೂ ತಾಯಿಯ ಕಾಯಿಲೆ ಬರೆಯುತ್ತಿದ್ದರು. ಪರ್ಲ್ ಬರೆದದ್ದು ‘ಸಂಗೀತ ಕಚೇರಿ’.

“ಕಾರ್ಟೂನಿಗೆ ಜಪಾನಿಗಾ, ಪರ್ಲ್‌ಬಾಯಿ?” ಎಂದ ಮುಝಮ್ಮಿಲ್. “ಟೀವಿಯಲ್ಲಿ ಬರುದಿಲ್ವಾ?”

“ನೀನು ಕ್ರಿಕೆಟ್ಟಿಗೆ ಶಾರ್ಜಾಕ್ಕೆ ಹೋದಾಗ ನಿನ್ನ ಉಮ್ಮನಿಗೆ ಹಾರ್ಟ್ ಅಟ್ಯಾಕ್ ಅಲ್ವಾ, ಮಾರಾಯ?”

“ಮೂರು ಸಲ ಆಗಿದೆ. ಗಟ್ಟಿ ಹೆಂಗಸು.”

“ನೀವೂ ಹಾಗೇ ಬರೆಯಿರಿ” ಎಂದೆ ನಾನು.

“ಮಮ್ಮಿ ಹುಷಾರಿದ್ದಾರೆ, ಸರ್. ಅವಳ ಕೊನೆಯ ಹಾಡಿಗೆ ಸುಳ್ಳು ಹೇಳಿ ಹೋಗುದಿಲ್ಲ.”

ನಲವತ್ತರ ಹೆಂಗಸಿಗೆ ಇದೆಂಥ ಹುಚ್ಚು ಎಂದುಕೊಂಡು ಅರ್ಜಿಯನ್ನು ಹಿಂದಿರುಗಿಸಿದೆ. ಆಗಲೇ ಆಕೆ ವೇಲಾಂಕಣಿಯ ಆ ಪ್ರಶ್ನೆ ಕೇಳಿದ್ದು. ನಾನು ಮುಂದಿನ ಅರ್ಜಿ ಎತ್ತಿಕೊಂಡೆ. ಆಕೆ ಕಾಗದ ಮಡಚಿಕೊಂಡು ತನ್ನ ಜಾಗಕ್ಕೆ ಹೋದಳು. ಮುರಾಸೆ ಹಾಡಿದ ದಿನ ಭಾನುವಾರ. ಕುವೈತಿನಲ್ಲಿ ಕೆಲಸದ ದಿನ. ಬೆಳಿಗ್ಗೆಯಿಂದ ಸಂಜೆಯವರೆಗೆ ಆಕೆ ಕರೆಗಳನ್ನು ಜೋಡಿಸುತ್ತಿದ್ದಳು. ಆಮೇಲೆ ನನ್ನೆದುರು ಮುರಾಸೆಯ ಹೆಸರು ಎತ್ತಲಿಲ್ಲ.

2014ರಲ್ಲಿ ಪರ್ಲ್ ಕ್ಯಾನ್ಸರಿನಿಂದ ತೀರಿಕೊಂಡಳು. ಶವವನ್ನು ಊರಿಗೆ ಕಳಿಸಲು ಪಾಸ್‌ಪೋರ್ಟ್ ಬೇಕಿತ್ತು. ರೂಬೆನ್ ಬಂದು ನಿಂತ. ಎರಡು ನಿಮಿಷದಲ್ಲಿ ಸಹಿ ಹಾಕಿಕೊಟ್ಟೆ.

ಮರುವರ್ಷ ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವಾಗ, ನಮ್ಮದೇ ಕಚೇರಿಗೆ ಬಂದು ಯಾರೂ ಓದದ ಸರ್ಕಾರಿ ಆದೇಶವೊಂದು ಸಿಕ್ಕಿತು: ಖಾಸಗಿ ಕಂಪೆನಿಗಳು ನೌಕರರ ಪಾಸ್‌ಪೋರ್ಟ್ ಇಟ್ಟುಕೊಳ್ಳಕೂಡದು. ಇಸವಿ 2007.