ಸೀತಮ್ಮನ ನಾಲ್ಕು ಹಲ್ಲು ಮತ್ತು ಆಷಾಢದ ಟ್ರಯಲ್

ಶಿರಸಿಯ ಮೈಕ್ ಸೆಟ್ ರಘುಪತಿಗೆ ಕಂಡದ್ದೆಲ್ಲ ಬೇಕು. ಮದುವೆ ಮನೆಗಳಿಗೆ ಮೈಕು ಹಚ್ಚಿಕೊಂಡಿದ್ದ ಆಸಾಮಿ, ಎರಡು ಸಾವಿರದ ನಾಲ್ಕರಲ್ಲಿ ಒಂದು ಕಂಪ್ಯೂಟರ್ ತಂದು, ಅಂಗಡಿಯ ಹಿಂದಿನ ಕೋಣೆಯ ಗೋಡೆಗೆಲ್ಲ ಗೋಣಿಚೀಲ ಹೊಡೆದು, ‘ಸ್ಟುಡಿಯೋ’ ಎಂದು ಬೋರ್ಡು ತೂಗಿಬಿಟ್ಟ. ಹಾಡು ಮುದ್ರಿಸುವ ಸಾಫ್ಟ್‌ವೇರ್ ಮಾತ್ರ ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿದ್ದ ಟ್ರಯಲ್. ಆ್ಯಕ್ಟಿವೇಟ್ ಮಾಡಿದ ದಿನದಿಂದ ಒಂದು ತಿಂಗಳು ಪುಕ್ಕಟೆ.

ಮೊದಲ ಗಿರಾಕಿ ಭೈರುಂಬೆಯ ಸೀತಮ್ಮ, ಅವನ ಸೋದರತ್ತೆ. ಮದುವೆ ಹಾಡಿನಲ್ಲಿ ಅವಳನ್ನು ಮೀರಿಸುವವರು ಸೀಮೆಯಲ್ಲೇ ಇಲ್ಲ. ಆದರೆ ಬಾಯಲ್ಲಿ ಉಳಿದದ್ದು ಮುಂದಿನ ನಾಲ್ಕೇ ಹಲ್ಲು. ಅವನ್ನೂ ಸೋಮವಾರ ಕಿತ್ತು ಸೆಟ್ಟು ಕೂರಿಸುವುದೆಂದು ಡಾಕ್ಟರು ಹೇಳಿಯಾಗಿತ್ತು. ಆಮೇಲೆ ಹಾಡು ಮೊದಲಿನ ಹಾಗೆ ಹೊರಟೀತೆಂಬ ಭರವಸೆ ಯಾರಿಗೂ ಇರಲಿಲ್ಲ. ಮೊಮ್ಮಗಳು ನಮಿತಾಳ ಮದುವೆಗಾದರೂ ಈ ದನಿ ಉಳಿಯಬೇಕಲ್ಲ ಎಂದು ರಘುಪತಿಗೆ ಸಂಕಟ.

ಶನಿವಾರ ಬಂದ ಸೀತಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಕ್ಯಾತೆ ತೆಗೆದಳು.

“ತಮಾ, ಆಷಾಢದಲ್ಲಿ ಹೊಸ ಮಷಿನ್ನು ಶುರು ಮಾಡ್ಲಾಗ!”

“ಅತ್ತೆ, ನೀನು ಹಲ್ಲು ಕೀಳ್ಸ್ಕಂಬದೂ ಆಷಾಢದಲ್ಲೇ ಅಲ್ದ?”

“ಕೀಳಲೆ ಅಡ್ಡಿಲ್ಲೆ. ಶುರು ಮಾಡಲೆ ಆಗ್ತಿಲ್ಲೆ.”

ಅತ್ತೆಯ ಜೊತೆ ವಾದ ಮಾಡಿ ಗೆದ್ದವರುಂಟೆ? ರಘುಪತಿ ಗೋಡೆಯ ಪಂಚಾಂಗ ನೋಡಿದವನೇ ಕಂಪ್ಯೂಟರಿನ ತಾರೀಕನ್ನು ಮುಂದೆ ದೂಡಿ ಶ್ರಾವಣದ ಶುಕ್ರವಾರಕ್ಕೆ ತಂದು ನಿಲ್ಲಿಸಿದ. ಸೀತಮ್ಮ ಪರದೆಗೆ ಕುಂಕುಮ ಹಚ್ಚಿದಳು. ಗುಂಡಿ ಒತ್ತಿದ್ದೇ ತಡ, ಆ್ಯಕ್ಟಿವೇಟ್ ಆಯಿತು! ಅತ್ತೆ, ಅಳಿಯ ಇಬ್ಬರೂ ಬಾಯಿಗೆ ಬೆಲ್ಲ ಹಾಕಿಕೊಂಡರು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪುಣ್ಯಾತ್ಮ, ಮುಹೂರ್ತ ಮುಗಿಯಿತಲ್ಲ ಎಂದು ತಾರೀಕನ್ನು ಮತ್ತೆ ಆಷಾಢಕ್ಕೆ ತಿರುಗಿಸಿದ. ಸಾಫ್ಟ್‌ವೇರಿಗೆ ಸಿಟ್ಟು ಬಂತು. ಗಡಿಯಾರ ತಿದ್ದಿದ್ದೀರಿ, ಟ್ರಯಲ್ ಬಂದ್ ಎಂದು ಕೆಂಪಕ್ಷರದಲ್ಲಿ ಬರೆದು ಕೂತಿತು. ತಾರೀಕು ಮುಂದೆ ದೂಡಿದರೂ ಇಲ್ಲ, ಹಿಂದೆ ಎಳೆದರೂ ಇಲ್ಲ. ಅಳಿಸಿ ಮತ್ತೆ ಹಾಕಿದರೂ ಅದೇ ಕೆಂಪಕ್ಷರ.

ರಘುಪತಿ ಕಂಪನಿಯ ಮುಂಬಯಿ ನಂಬರಿಗೆ ಫೋನು ಹಚ್ಚಿ, ಹರಕು ಹಿಂದಿಯಲ್ಲಿ ಆಷಾಢ ಮಾಸದ ದೋಷಗಳನ್ನೆಲ್ಲ ವಿವರಿಸಿದ. ಆಚೆಯವನು ಪೂರ್ತಿ ಕೇಳಿ, ಒಂದು ಕಂಪ್ಯೂಟರಿಗೆ ಟ್ರಯಲ್ ಒಂದೇ ಸಲ ಎಂದು ಫೋನಿಟ್ಟ.

“ಹಾಳಾಗ್ ಹೋಗ್ಲಿ, ಬೇರೆ ಕಂಪ್ಯೂಟರ್ ಇಲ್ಯನಾ?” ಎಂದಳು ಸೀತಮ್ಮ.

ಇತ್ತು, ಎದುರಿನ ಅಭಿಜ್ಞಾಳ ಟೈಪಿಂಗ್ ಕ್ಲಾಸಿನಲ್ಲಿ.

“ಅದ್ರಲ್ಲಿ ಶುರು ಮಾಡಲೂ ಆಷಾಢವೇ ಅಲ್ದ ಅತ್ತೆ?”

“ಮುಹೂರ್ತ ಆಗೋಯ್ದಲ ಮಾರಾಯಾ! ಇದು ಮುಂದುವರ್ಸದು ಅಷ್ಟೇ.”

ಮೈಕು, ಸಿ.ಡಿ. ಹೊತ್ತು ಅಲ್ಲಿಗೇ ಹೋದರು. ಪರೀಕ್ಷೆ ಹತ್ತಿರವಾದ್ದರಿಂದ ಟೈಪಿಂಗ್ ನಿಲ್ಲಿಸುವಂತಿರಲಿಲ್ಲ. ಹಿಂದೆ ಟೈಪ್‌ರೈಟರುಗಳು ಟಕಟಕ ಎನ್ನುತ್ತಿರಲು ಸೀತಮ್ಮ ಸಂಜೆಯವರೆಗೂ ಹಾಡಿದಳು, ಎಣ್ಣೆ ಶಾಸ್ತ್ರದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ. ಆ ಕೊನೆಯ ಹಾಡಿಗೆ ಟಕಟಕವೂ ನಿಂತಿತು. ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಮಾಘದಲ್ಲಿ ನಮಿತಾಳ ಮದುವೆ. ರಘುಪತಿ ಸಿ.ಡಿ. ಹಚ್ಚಿದ. ಹಾಡಿಗೆ ತಾಳ ಹಾಕಿದವರು ಯಾರೆಂದು ನೆಂಟರೆಲ್ಲ ಕೇಳಿದ್ದೇ ಕೇಳಿದ್ದು. ಸೀತಮ್ಮ ಮಾತ್ರ ಹೊಸ ಹಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸ್ಪೀಕರಿನ ಬುಡದಲ್ಲೇ ಕೂತಿದ್ದಳು. ತನ್ನ ದನಿಯನ್ನು ಹೀಗೆ ಹೊರಗಿನಿಂದ ಕೇಳಿದ್ದು ಅವಳಿಗೆ ಹುಟ್ಟಿ ಅದೇ ಮೊದಲು. ಹೆಣ್ಣು ಒಪ್ಪಿಸುವ ಹಾಡು ಮುಗಿದಾಗ ರಘುಪತಿಯ ಕೈ ಹಿಡಿದು ಹತ್ತಿರ ಎಳೆದಳು.

“ನಾಲ್ಕೇ ಹಲ್ಲಲ್ಲಿ ನಾನು ಎಷ್ಟ್ ಚಂದ ಹಾಡಿದ್ದಿ ನೋಡಾ ತಮಾ! ಈಗ ಬಾಯ್ತುಂಬ ಹಲ್ಲಿದ್ದು, ಹಪ್ಪಳ ತಿಂಬಲೆ ಅಷ್ಟೇಯ.”