ಡಬ್ಬಿಯೊಳಗಿನ ಮೋಡೆಮ್ಮು

ಇವತ್ತು ಬೆಳಿಗ್ಗೆ ಸೊಸೆ ನಾಗವೇಣಿ ಮೋಡೆಮ್ಮನ್ನು ಮೂಗಿಗೆ ಹಿಡಿದು, "ಅತ್ತೆ, ಇದ್ರಲ್ಲಿ ಇನ್ನೂ ಒಣಮೀನಿನ ವಾಸನೆ!" ಎಂದಳು. ಬರದೆ ಏನು? ಸಾಬೂನಿನಷ್ಟು ದಪ್ಪದ ಆ ಕಪ್ಪು ಪೆಟ್ಟಿಗೆ ಹೋದ ವರ್ಷ ನನ್ನ ಒಣಮೀನಿನ ಡಬ್ಬಿಯಲ್ಲಿ ಕೂತು ಎದ್ದು ಬಂದದ್ದು. ಆ ಕತೆ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಭಟ್ಕಳದ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು, ಕೇರಿ ಕೇರಿ ಮಾರಿಯೇ ಮುದುಕಿಯಾದೆ. ನನ್ನ ಗಿರಾಕಿಗಳಲ್ಲಿ ಫಾತಿಮಾ ಬೀಬಿಯಷ್ಟು ಕಾಟ ಕೊಟ್ಟವರಿಲ್ಲ. ಬಂಗಡೆಯ ಕಿವಿರು ಎತ್ತಿ ಒಳಗಿನ ಕೆಂಪು ನೋಡದೆ ಒಂದನ್ನೂ ಮುಟ್ಟುವವಳಲ್ಲ. ನೋಡಿದ ಮೇಲೂ, "ಇದು ನಿನ್ನೆದು" ಎನ್ನುವಳು.

"ನಿನ್ನೆದು ನೀನು ಬೀಬಿ, ಇದು ಇವತ್ತಿಂದು" ಎನ್ನುವೆ ನಾನು. ಹೀಗೆ ಬೈದಾಡಿಕೊಂಡೇ ಇಬ್ಬರ ತಲೆಯೂ ಬೆಳ್ಳಗಾಯಿತು.

ಬೀಬಿಯ ಗಂಡ ತೀರಿಕೊಂಡ ಮೇಲೆ ಮಗಳು ಅವಳನ್ನು ದುಬೈಗೆ ಕರೆದುಕೊಂಡು ಹೋದಳು. ಅಲ್ಲಿಂದ ಫೋನಿನಲ್ಲಿ ಒಂದೇ ಗೋಳು: "ಇಲ್ಲಿಯ ಮೀನು ಐಸಲ್ಲಿ ಕಲ್ಲಾಗಿ ಬರ್ತದೆ ಮಾರಾಯ್ತಿ. ನಾನು ಊರಿಗೆ ಬರ್ತೆ." ಪಕ್ಕದಿಂದ ಮಗಳು, "ಊರಲ್ಲಿ ಎಂತ ಉಳಿದಿದೆ ಅಮ್ಮ?" ಎನ್ನುವಳು. ಕೊನೆಗೆ ಬೀಬಿ ನನ್ನ ಹತ್ತಿರ ಹಟ ಹಿಡಿದಳು: "ಮಳೆಗಾಲ ಮುಗಿದು ಮೊದಲ ದೋಣಿ ಬಂದ ದಿನ ವಿಡಿಯೋದಲ್ಲಿ ತೋರಿಸು. ಎಂತ ಉಳಿದಿದೆ ಅಂತ ಇವಳೂ ನೋಡಲಿ. ಆಮೇಲೆ ಟಿಕೆಟ್ಟಿನ ಮಾತು."

ಹೂಂ ಎಂದುಬಿಟ್ಟೆ. ಆದರೆ ನಾಗವೇಣಿಯ ಫೋನಿಗೆ ಬಂದರಿನಲ್ಲಿ ಸಿಗ್ನಲ್ಲಿನ ಕಡ್ಡಿ ಒಂದೇ. ಅದೂ ಗಾಳಿ ಬಂದಂತೆ ಬಂದು ಹೋಗುತ್ತದೆ. ಅದಕ್ಕೇ ಅವಳು ಈ ಮೋಡೆಮ್ಮು ತಂದು, ಬೇರೆ ಕಂಪನಿಯ ಸಿಮ್ಮು ಹಾಕಿದಳು. ತರುವುದೇನೋ ತಂದಳು, ಅದು ಏನು ಎಂದು ನನಗೆ ತಿಳಿಯಬೇಡವೇ? ಕೇಳಿ ಕೇಳಿ ಅವಳ ತಲೆ ತಿಂದೆ.

ಅವಳು ಹೇಳಿದ್ದನ್ನು ನಾನು ನನ್ನ ಬುಟ್ಟಿಗೆ ತುಂಬಿಕೊಂಡದ್ದು ಹೀಗೆ. ಟವರ್ ಎಂದರೆ ಮಾಲು ಬರುವ ಬಂದರು. ಸಿಮ್ಮು ಎಂದರೆ ದೋಣಿಯ ಮೂತಿಗೆ ಬರೆದ ನಂಬರು. ಇವರು ನಮ್ಮವರು ಎಂದು ಟವರಿಗೆ ಗುರುತು ಸಿಗುವುದು ಅದರಿಂದ. ಡೇಟಾ ಎಂದರೆ ಐಸಿನ ಹಾಗೆ, ಬಳಸಿದಷ್ಟೂ ಕರಗುತ್ತದೆ. ಕಡ್ಡಿಗಳು ತುಂಬ ಇದ್ದರೂ ಡೇಟಾ ಮುಗಿದರೆ ಕೆಲಸ ನಿಂತಿತು. ಇನ್ನು ಮೋಡೆಮ್ಮು? ಅದು ನಾನೇ! ಟವರಿನಿಂದ ಮಾಲು ಎತ್ತಿಕೊಂಡು, ಸುತ್ತಲಿನ ಫೋನುಗಳಿಗೆಲ್ಲ ಹಂಚುತ್ತದೆ. ಆ ಹಂಚುವುದಕ್ಕೆ ವೈಫೈ ಎನ್ನುತ್ತಾರೆ. ಪಾಸ್‌ವರ್ಡ್ ಹೇಳದವರ ಮನೆಗೆ ಬುಟ್ಟಿ ಇಳಿಸುವುದಿಲ್ಲ.

"ಮತ್ತೆ ಈ ಫೋರ್ ಜಿ ಅಂದ್ರೆ ಎಂತದೆ?"

"ಜಿ ಅಂದ್ರೆ ತಲೆಮಾರು ಅತ್ತೆ. ಹೊಸ ತಲೆಮಾರು ಬಂದಷ್ಟೂ ಓಟ ಜಾಸ್ತಿ."

"ಹಂಗಾದ್ರೆ ನಾನು ಟೂ ಜಿ" ಎಂದೆ. ಅವಳು ಇಲ್ಲ ಎನ್ನಲಿಲ್ಲ.

ದೋಣಿ ಬರುವ ದಿನ ಬಂದೇಬಿಟ್ಟಿತು. ನಾಗವೇಣಿಯ ಕೈಯಲ್ಲಿ ಫೋನು, ನನ್ನ ಕಂಕುಳಲ್ಲಿ ಮೋಡೆಮ್ಮಿನ ಚೀಲ. ಮನೆ ಬಿಡುವಾಗ ವಿಡಿಯೋ ಚೆನ್ನಾಗಿತ್ತು. ಬೀಬಿ ಕನ್ನಡಕ ಹಾಕಿ, ಮಗಳನ್ನೂ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಳು. ಬಂದರು ಮುಟ್ಟಿದರೆ ಜನವೋ ಜನ. ದೋಣಿ ತಾಗಿತು, ಬಂಗಡೆ ರಾಶಿ ಬಿತ್ತು, ಹರಾಜಿನವ ಕೂಗಲು ಶುರು ಮಾಡಿದ. ಅದೇ ಹೊತ್ತಿಗೆ ಬೀಬಿ ಬಾಯಿ ತೆರೆದವಳು ತೆರೆದ ಹಾಗೇ ಕಲ್ಲಾದಳು.

"ಅಯ್ಯೋ, ನೆಟ್ಟು ಹೋತು! ಮೋಡೆಮ್ಮು ಎಲ್ಲಿಟ್ರಿ ಅತ್ತೆ?"

"ಎಲ್ಲಿಟ್ರಿ ಅಂದ್ರೆ? ಉಪ್ಪುನೀರು ಸಿಡಿಯುದಿಲ್ವನೆ? ದೋಣಿ ತಾಗುವಾಗ್ಲೇ ಚೀಲದಲ್ಲಿದ್ದ ಒಣಮೀನಿನ ಸ್ಟೀಲ್ ಡಬ್ಬಿಗೆ ಹಾಕಿ, ಗಟ್ಟಿ ಮುಚ್ಚಿದೆ."

ದೋಣಿಗೆ ಹೋಗುವವರು ಬೀಡಿ, ಬೆಂಕಿಪೊಟ್ಟಣ, ದುಡ್ಡು ಎಲ್ಲ ಇಡುವುದೇ ಡಬ್ಬಿಯಲ್ಲಿ. ನಾನೂ ಇಟ್ಟೆ.

"ಸ್ಟೀಲಿನೊಳಗೆ ಸಿಗ್ನಲ್ಲು ಹೋಗೂದಿಲ್ಲ, ತೆಗೀರಿ, ತೆಗೀರಿ!"

ಮುಚ್ಚಳ ಬರಬೇಕಲ್ಲ! ಇತ್ತ ನಾನು ಹಲ್ಲು ಕಚ್ಚಿ ತಿರುಗಿಸುತ್ತಿದ್ದೇನೆ, ಅತ್ತ ರಾಶಿ ಕರಗುತ್ತಿದೆ. "ಒಂದು ಬುಟ್ಟಿ ನಂಗೆ!" ಎಂದು ಕೂಗಿ, ಡಬ್ಬಿಯನ್ನು ಕಲ್ಲಿಗೆ ಕುಟ್ಟಿದೆ. ಮುಚ್ಚಳ ಹಾರಿತು. ಮೋಡೆಮ್ಮಿನ ಕೆಂಪು ದೀಪ ಹಸಿರಾಯಿತು. ಕಲ್ಲಾಗಿದ್ದ ಬೀಬಿಗೆ ಜೀವ ಬಂತು, ಬಂದವಳೇ ಕಿರುಚಿದಳು: "ಕಿವಿರು ಎತ್ತೇ!"

ಎತ್ತಿದೆ. ದಾಸವಾಳದಂಥ ಕೆಂಪು. ದುಬೈಯಲ್ಲಿ ಕೂತವರಿಗೆ, ಇಲ್ಲಿ ಬಾಲ ಬಡಿಯುತ್ತಿರುವ ಬಂಗಡೆ! ನನಗೆ ಕುಣಿಯಬೇಕೆನಿಸಿತು. ಮಗಳು ಮೀನನ್ನು ಬಿಟ್ಟು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಬೀಬಿ ಮಾತ್ರ, "ಇದು ನಿನ್ನೆದು" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ವಿಚಾರಿಸಲು ಹೋಗಲಿಲ್ಲ. ಟಿಕೆಟ್ಟಂತೂ ಆಯಿತು.

ಈ ವರ್ಷದ ಮೊದಲ ದೋಣಿ ಇವತ್ತು ಬಂತು. ಮೋಡೆಮ್ಮನ್ನು ಹಗ್ಗ ಕಟ್ಟಿ ಕುತ್ತಿಗೆಗೇ ನೇತುಹಾಕಿಕೊಂಡಿದ್ದೆ, ತಾಳಿಯ ಹಾಗೆ. ಬೀಬಿ ನನ್ನ ಪಕ್ಕದಲ್ಲೇ ಸ್ಟೂಲು ಹಾಕಿ ಕೂತಿದ್ದಳು. ಫೋನಿನಲ್ಲಿ ದುಬೈಯ ಮಗಳು. ನಾನು ಬಂಗಡೆ ಎತ್ತಿ ಹಿಡಿದರೆ ಆ ಹುಡುಗಿ ಕಣ್ಣು ಕಿರಿದು ಮಾಡಿ, "ಇದು ನಿನ್ನೆದಲ್ವಾ?" ಎಂದಳು.

ಬೀಬಿ ಫೋನು ಕಸಿದುಕೊಂಡಳು. "ಎಂತ ಮಾತಾಡ್ತೀಯೇ? ಇವಳ ಬುಟ್ಟಿಗೆ ನಿನ್ನೆಯ ಮೀನು ಯಾವತ್ತು ಬಂದಿದೆ?"

ನಾನು ತಿರುಗಿ ನೋಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಬಗ್ಗಿ ಇನ್ನೊಂದು ಬಂಗಡೆಯ ಕಿವಿರು ಎತ್ತುತ್ತಿದ್ದಳು.